ಎರಡು ಕೋಲು, ಒಂದು ದಾರ

ಲೆಚ್ಖುಮಿಯ ಗುಡ್ಡದಲ್ಲಿ ಮೂರು ಬೇಸಿಗೆ
ಡ್ರಮ್ಮಿನ ನೀರಿಗೆ ಮಣ್ಣು ಸುರಿದಿದ್ದೇನೆ.
ಮಣ್ಣು ತಳಕ್ಕೆ, ಇದ್ದಿಲು ಮೇಲಕ್ಕೆ.
ಟೀ ಸೋಸುವ ಜರಡಿಯಲ್ಲಿ ಎತ್ತಿ,
ಹಳೆಯ ಪತ್ರಿಕೆಯ ಮೇಲೆ ನೆರಳಲ್ಲಿ ಒಣಗಿಸಿ
ಚೀಟಿ ಕಟ್ಟಿದ್ದೇನೆ: ಮಾದರಿ ನಲವತ್ತೊಂದು.
ಯಾರದೋ ಒಲೆ. ಯಾರೋ ಮೈಮರೆತ ಗಳಿಗೆ.

ಹದವಾಗಿ ಬೆಂದದ್ದನ್ನು ಉಂಡರು, ಅದು ಹೋಯಿತು.
ಸೀದದ್ದು ಮಾತ್ರ
ಮೂರು ಸಾವಿರ ವರ್ಷ ನನಗಾಗಿ ಕಾದು ಕೂತಿತ್ತು.

ಚಳಿಗಾಲವಿಡೀ ತ್ಬಿಲಿಸಿಯ ನೆಲಮಾಳಿಗೆಯಲ್ಲಿ
ಸೂಕ್ಷ್ಮದರ್ಶಕದ ಕೆಳಗೇ ನನ್ನ ಕಣ:
ಅಂಗೈಯಗಲದ ಗಾಜು.
ಕುಂಚದ ತುದಿಯಲ್ಲೇ ಒಕ್ಕಿದೆ, ತೂರಿದೆ.
ಜಂದೂರಿ ಗೋಧಿ ಇನ್ನೂರ ಹನ್ನೆರಡು.
ತೆನೆಯ ಕವಲು ಎಂಬತ್ತು. ನವಣೆ ಒಂಬತ್ತು.
ಗುರುತು ಸಿಗದ್ದು ಹದಿನೇಳು.
ಹುಲ್ಲಿನ ಗೆಣ್ಣು: ಇಲ್ಲ.
ನೆಲಕ್ಕಂಟಿ ಬೆಳೆವ ಕಳೆಯ ಬೀಜ: ಇಲ್ಲ.

ಇಲ್ಲ ಅನ್ನುವುದರ ಮೇಲೆ ಮನೆ ಕಟ್ಟುವುದು ನಮ್ಮ ಕಸುಬು.
ಕಟ್ಟಿದೆ, ಮೂರನೆಯ ಅಧ್ಯಾಯ:
ಇಲ್ಲಿ ಹೊಲವಿರಲಿಲ್ಲ. ಕಾಳು ಬೇರೆಲ್ಲೋ ಹಸನಾಗಿ
ಚೀಲದಲ್ಲಿ ಬಂತು. ಇವರು ಕೊಂಡು ಉಂಡವರು.
ನಲವತ್ತು ಪುಟ. ಎರಡು ನಕ್ಷೆ.
ಮಾರ್ಗದರ್ಶಿ ಇಯಾಸೋನ್ ಅಂಚಿನಲ್ಲಿ ಬರೆದರು: ಗಟ್ಟಿಯಾಗಿದೆ.

ನಾಲ್ಕನೆಯ ಬೇಸಿಗೆ. ಬಾಡಿಗೆ ಕೋಣೆಯ ಒಡತಿ ದೆಸ್ಪಿನೆ,
ಎಂಬತ್ತಾರರವಳು, ನನ್ನನ್ನು ‘ಬೆಬೋ’ ಅನ್ನುತ್ತಾಳೆ.
ಬೆಬೋ ಅಂದರೆ ಅಜ್ಜಿ. ನಮ್ಮಲ್ಲಿ ಹಾಗೇ:
ಅಜ್ಜಿಯೂ ಮೊಮ್ಮಗಳನ್ನು ಅಜ್ಜಿ ಎಂದೇ ಕರೆಯುತ್ತಾಳೆ.
ಒಂದೇ ಹೆಸರು, ಹೋಗಿ ಬಂದು ಮಾಡುತ್ತದೆ.

“ಏನು ಬರೆದೆ ಬೆಬೋ?”
ಓದಿ ಹೇಳಿದೆ. ಅವಳು ನಗಲಿಲ್ಲ.
ಕೈ ಒರೆಸಿಕೊಂಡು
ಕೊಟ್ಟಿಗೆಯ ತೊಲೆಯ ಸಂದಿನಿಂದ ಎಳೆದಳು
ಮೊಳದುದ್ದದ ಎರಡು ಕೋಲು,
ತುದಿಗೆ ದಾರ. ಶ್ನಾಕ್ವಿ.
ದಾರ ನೀಲಿ ನೈಲಾನು. ಕೋಲಿನ ನಡು ಮಾತ್ರ
ಹಿಡಿದು ಹಿಡಿದು ಮುದಿ ಕುದುರೆಯ ಹಲ್ಲಿನ ಬಣ್ಣ.

ಜಂದೂರಿ ಈಗೆಲ್ಲಿ? ಅವಳಣ್ಣ ಗಣಿಗೆ ಹೋದ ವರ್ಷವೇ
ಕೊನೆಯ ಬಿತ್ತನೆ.
ಬೇಲಿಯ ಕಾಡು ಓಟ್ಸಿನ ಮುಂದೆ ನಿಂತು
ಕೋಲುಗಳ ನಡುವೆ ಒಂದು ಹಿಡಿ ಸಿಕ್ಕಿಸಿ
ಮೇಲಕ್ಕೆ ಜಗ್ಗಿದಳು. ಚಟಚಟ.
ತೆನೆಯೆಲ್ಲ ಬುಟ್ಟಿಗೆ.
ಹುಲ್ಲು ನಿಂತಲ್ಲೇ ನಿಂತಿತ್ತು, ಬೋಳು ತಲೆಯಲ್ಲಿ;
ಅದರ ಬುಡದಲ್ಲಿ ಕಳೆ, ಏನೂ ಆಗದ ಹಾಗೆ.

“ಬಗ್ಗಿ ಕೊಯ್ಯುವುದು ದನಕ್ಕೆ,” ಅಂದಳು.
“ತೆನೆಗೆ ಯಾಕೆ ಬಗ್ಗಬೇಕು?”

ನಲವತ್ತು ಪುಟವೂ ಚಟ್ ಅಂದಿತು.

ಇಯಾಸೋನರಿಗೆ ಫೋನು ಮಾಡಿದೆ. ಬಹಳ ಹೊತ್ತು ಮೌನ.
ಆಮೇಲೆ ಒಂದೇ ಮಾತು: “ಆಧಾರ?”
ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಲಿ?
ದೆಸ್ಪಿನೆಯ ಮೊಣಕೈ, ಬೇಲಿಯ ಹತ್ತಿರ, ಮಂಗಳವಾರ.
ಗೊತ್ತು, ಈ ಕೋಲು ಆ ಒಲೆಗೆ ಸಾಕ್ಷಿಯಲ್ಲ.
ಕೋಲು ಕೊಳೆಯುತ್ತದೆ, ದಾರ ಅದಕ್ಕೂ ಮೊದಲೇ.
ಆದರೂ ‘ಇರಲಿಲ್ಲ’ ಎಂಬುದನ್ನು ಹೊಡೆದುಹಾಕಿ
‘ತಿಳಿಯದು’ ಎಂದು ಬರೆಯಲು
ನನಗೆ ಒಂದು ವಾರ ಹಿಡಿಯಿತು.
ದೆಸ್ಪಿನೆ ಆ ವಾರವೆಲ್ಲ ಪ್ಲಮ್ ಹಣ್ಣು ಕುದಿಸಿದಳು.
ತಳ ಹಿಡಿದಾಗಲೆಲ್ಲ ಕೂಗುತ್ತಿದ್ದಳು,
“ಬಾ ಬೆಬೋ, ನಿನ್ನ ಪಾಲಿನದು!”

ಈಗ ಮತ್ತೆ ನೆಲಮಾಳಿಗೆ, ಮತ್ತೆ ಚಳಿ.
ಕಪ್ಪು ಕಾಳುಗಳ ನಡುವೆ ಹಳದಿಯದೊಂದು:
ಓಟ್ಸಿನ ಕಾಳು, ಉದ್ದ ಸುಂಕಿನದು,
ನನ್ನ ಸ್ವೆಟರಿನ ತೋಳಿಗೆ ಅಂಟಿ ಬಂದದ್ದು.
ನಿಯಮ ಸ್ಪಷ್ಟವಿದೆ:
ಇಂದಿನದು ಬೆರೆತಿದ್ದರೆ ಹೆಕ್ಕಿ ಎಸೆಯಬೇಕು.

ಕುಂಚ ಹಿಡಿದು ಬಾಗಿದೆ.
ನನ್ನ ಉಸಿರಿನ ತೇವ ತಾಗಿತೋ ಏನೋ,
ಸುಂಕು ಮೆಲ್ಲಗೆ ಹುರಿಗೊಂಡು ತಿರುಗತೊಡಗಿತು
ಗಾಜಿನೊಳಗೆ ಮಣ್ಣು ಹುಡುಕುತ್ತ.